ನಾರುವ ಮರದ ಚುಚ್ಚುಮದ್ದು

ಬೆಳಗಾವಿಯ ರವಿವಾರ ಪೇಟೆಯಿಂದ ಖಾನಾಪುರದ ಹಾದಿ ಹಿಡಿದು ಘಟ್ಟದ ಕಾಡು ಹೊಕ್ಕರೆ ಸಿಗುವ ಒಂದು ಸಣ್ಣ ಮರಕ್ಕೆ ಮರಾಠಿಯಲ್ಲಿ ‘ನರಕ್ಯಾ’, ಕನ್ನಡದಲ್ಲಿ ‘ದುರ್ವಾಸನೆ ಮರ’ ಎಂದು ಹೆಸರು. ಹೂವಿನ ನಾತವೇ ಅಂಥದು.

ಇದರೊಳಗಿನ ಕ್ಯಾನ್ಸರ್ ಮದ್ದು ಮೊದಲು ಸಿಕ್ಕಿದ್ದು ಮಾತ್ರ ಚೀನಾದ ಬೇರೊಂದು ಮರದಲ್ಲಿ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ನಂದುರಬಾರದಲ್ಲಿ ಹುಟ್ಟಿದ ಮನಸುಖ ವಾಣಿ ಅದರಿಂದ ‘ಕ್ಯಾಂಪ್ಟೊಥೆಸಿನ್’ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಮರದಲ್ಲಿಯೂ ಅದನ್ನು ಕಂಡರು. ಆದರೆ ಆ ಹೊತ್ತಿಗೆ ರೋಗಿಗಳ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು ಪ್ರಯೋಗಗಳೇ ನಿಂತಿದ್ದವು. ನೀರಿನಲ್ಲಿ ಕರಗುವಂತೆ ಅಣುವನ್ನು ತಿದ್ದಿದ ಮೇಲೆ, 1996ರಲ್ಲಿ ಅಮೆರಿಕ ಅಂಡಾಶಯದ ಕ್ಯಾನ್ಸರಿಗೆ ಟೊಪೊಟೆಕಾನ್, ದೊಡ್ಡ ಕರುಳಿನ ಕ್ಯಾನ್ಸರಿಗೆ ಇರಿನೊಟೆಕಾನ್ ಒಪ್ಪಿತು.

ಇವನ್ನು ರಕ್ತನಾಳಕ್ಕೆ ನಿಧಾನವಾಗಿ ಹನಿಸುತ್ತಾರೆ. ಬಿಳಿ ರಕ್ತಕಣಗಳು ಕುಸಿಯುವುದರಿಂದ ಪ್ರತಿ ಸರದಿಗೆ ಮುನ್ನ ರಕ್ತಪರೀಕ್ಷೆ ಬೇಕು. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇರಿನೊಟೆಕಾನ್‌ನ ದೊಡ್ಡ ಕಾಟ ಭೇದಿ. ಮದ್ದು ಹನಿಸಿದ ದಿನವೇ ಶುರುವಾದರೆ ವೈದ್ಯರು ಅಟ್ರೊಪಿನ್ ಕೊಡುತ್ತಾರೆ, ದಿನಗಳ ನಂತರ ಬಂದರೆ ಲೋಪೆರಮೈಡ್. ‘ಹೊಟ್ಟೆ ಕೆಟ್ಟಿದೆ’ ಎಂದು ಮಜ್ಜಿಗೆ ಕುಡಿದು ಮನೆಯಲ್ಲಿ ಕೂತರೆ ಜೀವಕ್ಕೇ ಅಪಾಯ.

ಇತ್ತ ಮರದ ಪಾಡು ಬೇರೆ. ಮದ್ದಿನ ಬೇಡಿಕೆ ಏರಿದಂತೆ ಅದನ್ನು ಬುಡಸಮೇತ ಕಡಿದು, ಚಕ್ಕೆ ಮಾಡಿ ಕದ್ದು ಸಾಗಿಸಿದರು. ಘಟ್ಟದ ಎಷ್ಟೋ ಕಡೆ ಈಗ ಆ ನಾತವೂ ಅಪರೂಪ.