ದುಡಿಮೆಯ ಪ್ರೀತಿ ಎಂಬ ಗುಳಿಗೆ

ಕಳೆದ ಫೆಬ್ರವರಿಯ ಒಂದು ರಾತ್ರಿ, ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದ ನನ್ನ ಮಗ ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ನಿದ್ದೆ ಬಾರದಂತೆ ಮಾಡುವ ಮಾತ್ರೆ ಇದೆಯಂತೆ. ಕೋಚಿಂಗ್ ತರಗತಿಯಲ್ಲಿ ಒಬ್ಬಿಬ್ಬರು ತೆಗೆದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನು?" ಎಂದು ಕೇಳಿದ. ಕೂಡದು ಎಂದು ಗದರಿಸಿದೆ. ಏಕೆ ಕೂಡದು ಎಂದು ಅವನು ಮರುಪ್ರಶ್ನೆ ಹಾಕಿದಾಗ, ಬಿ.ಎಸ್ಸಿ. ಓದಿದವನಾದರೂ ತಡವರಿಸಿದೆ. ನನ್ನ ಕೈಯಲ್ಲಿಯೂ ಆಗ ಕಾಫಿಯ ಲೋಟವಿತ್ತು. ಇಲಾಖೆಯ ಪರೀಕ್ಷೆಗೆ ನಾನು ರಾತ್ರಿಯೆಲ್ಲ ಓದಿದ್ದೂ ಅದರ ಬಲದಿಂದಲೇ. ಅವನಿಗೆ ಸರಿಯಾದ ಉತ್ತರ ಕೊಡಬೇಕೆಂದು ಹೊರಟಾಗ ಓದಿ ತಿಳಿದ ಒಂದು ಚರಿತ್ರೆಯನ್ನು ನಮ್ಮ ಸಂಘದ ಇತರ ತಂದೆತಾಯಿಗಳ ಮುಂದೆಯೂ ಇಡಬೇಕೆನಿಸಿತು.

ಈ ಕಥೆ ಆರಂಭವಾಗುವುದು ಔಷಧಿಯ ಒಂದು ಗಿಡದಿಂದ. ಮಾ ಹುವಾಂಗ್ ಎಂಬ ಗಿಡವನ್ನು ಚೀನಾದ ವೈದ್ಯರು ಬಹು ಹಿಂದಿನಿಂದಲೂ ಉಬ್ಬಸಕ್ಕೆ ಕೊಡುತ್ತಿದ್ದರು. ಬರ್ಲಿನ್ನಿನಲ್ಲಿ ರಸಾಯನಶಾಸ್ತ್ರ ಕಲಿತು ಬಂದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಅದರಿಂದ ಎಫೆಡ್ರಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1893ರಲ್ಲಿ ಆ ಎಫೆಡ್ರಿನ್ನಿನಿಂದಲೇ ಮೆಥಾಂಫೆಟಮಿನ್ ಎಂಬ ಹೊಸ ವಸ್ತುವನ್ನು ತಯಾರಿಸಿದರು. ಇದರ ಸೋದರನಾದ ಆಂಫೆಟಮಿನ್ ಅದಕ್ಕೂ ಮೊದಲು, 1887ರಲ್ಲಿ, ಬರ್ಲಿನ್ನಿನಲ್ಲಿ ಹುಟ್ಟಿತ್ತು. ಎರಡೂ ಹಲವು ವರ್ಷ ಯಾರ ಗಮನಕ್ಕೂ ಬೀಳದೆ ಉಳಿದವು.

1930ರ ದಶಕದಲ್ಲಿ ಅಮೆರಿಕದಲ್ಲಿ ಆಂಫೆಟಮಿನ್ 'ಬೆಂಜೆಡ್ರಿನ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಯೋಗಕ್ಕಾಗಿ ಬಳಸಿದ ಈ ಗುಳಿಗೆಯ ಗುಣ ವಿದ್ಯಾರ್ಥಿಗಳಿಗೆ ಬೇಗನೆ ತಿಳಿಯಿತು. ಅವರು ಇದನ್ನು ನುಂಗಿ ಪರೀಕ್ಷೆಗೆ ಓದುತ್ತಿದ್ದಾರೆಂಬ ಸುದ್ದಿ 1937ರಲ್ಲಿಯೇ ಪತ್ರಿಕೆಗಳಲ್ಲಿ ಬಂದಿತ್ತು. ಎಂದರೆ ನನ್ನ ಮಗನ ಪ್ರಶ್ನೆ ಇಂದಿನದೇನಲ್ಲ.

ಆಮೇಲೆ ಯುದ್ಧ ಬಂದಿತು. ಜರ್ಮನಿಯ ಸೈನ್ಯಕ್ಕೆ 1940ರ ಕೆಲವೇ ತಿಂಗಳುಗಳಲ್ಲಿ ಮೂರೂವರೆ ಕೋಟಿ ಗುಳಿಗೆಗಳು ಹೋದವು. ಜಪಾನಿನಲ್ಲಿ 1941ರಲ್ಲಿ ನಾಗಾಯಿಯವರ ಆ ಹಳೆಯ ವಸ್ತುವೇ 'ಫಿಲೋಪೊನ್' ಎಂಬ ಹೆಸರು ಹೊತ್ತು ಅಂಗಡಿಗೆ ಬಂದಿತು. ಗ್ರೀಕ್ ಮೂಲದ ಆ ಹೆಸರಿನ ಅರ್ಥ ದುಡಿಮೆಯ ಪ್ರೀತಿ. ಆಯಾಸ, ತೂಕಡಿಕೆಗಳನ್ನು ಹೋಗಲಾಡಿಸುವ ಔಷಧಿಯೆಂಬುದು ಅದರ ಜಾಹೀರಾತು. ಸೈನಿಕರಿಗೂ ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡುವ ಕಾರ್ಮಿಕರಿಗೂ ಅದನ್ನು ಕೊಟ್ಟರು. ಕೆಲಸಗಾರನಿಗೆ ವಿರಾಮ ಕೊಡುವುದಕ್ಕಿಂತ ಗುಳಿಗೆ ಕೊಡುವುದು ಅಗ್ಗವಾಗಿತ್ತು.

1945ರಲ್ಲಿ ಜಪಾನ್ ಸೋತಾಗ ಉಗ್ರಾಣಗಳಲ್ಲಿ ಉಳಿದ ದಾಸ್ತಾನು ಪೇಟೆಗೆ ಹರಿಯಿತು. ಹಸಿವು, ನಿರುದ್ಯೋಗಗಳ ಆ ದಿನಗಳಲ್ಲಿ ವಿದ್ಯಾರ್ಥಿಗಳು, ಕೂಲಿಗಳು, ಲೇಖಕರು ಎಲ್ಲರೂ ಅದಕ್ಕೆ ಕೈಚಾಚಿದರು. ಪ್ರಸಿದ್ಧ ಸಾಹಿತಿ ಸಾಕಾಗುಚಿ ಆಂಗೊ ಕೂಡ ಅದಕ್ಕೆ ಸಿಕ್ಕಿ ನರಳಿದವರೇ. ಮೊದಲು ಗುಳಿಗೆ, ಅನಂತರ ಸೂಜಿ. ಕೊನೆಗೆ ಇಲ್ಲದ ಶತ್ರುಗಳನ್ನು ಕಾಣುವ ಭ್ರಮೆ. 1951ರಲ್ಲಿ ಸರ್ಕಾರ ನಿಯಂತ್ರಣದ ಕಾನೂನು ಮಾಡಿತು. ಆದರೂ 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಬೇಕಾಯಿತು. ಶಿಕ್ಷೆಯನ್ನು ಕಠಿಣಗೊಳಿಸಿ, ವ್ಯಸನಿಗಳನ್ನು ಆಸ್ಪತ್ರೆಗೆ ಸೇರಿಸಿ, ಊರೂರಲ್ಲಿ ಪ್ರಚಾರ ನಡೆಸಿದ ಮೇಲೆ 1958ರ ಹೊತ್ತಿಗೆ ಆ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿಯಿತು. 1970ರ ದಶಕದಲ್ಲಿ ಪಿಡುಗು ಮತ್ತೆ ತಲೆಯೆತ್ತಿತು.

ಹಾಗಾದರೆ ನಮ್ಮ ಕಾಫಿ? ಮೆದುಳಿನಲ್ಲಿ ದಣಿವಿನ ಸುದ್ದಿ ಒಯ್ಯುವ ಅಡೆನೊಸಿನ್ ಎಂಬ ವಸ್ತುವನ್ನು ಕೆಫೀನ್ ಸ್ವಲ್ಪ ಹೊತ್ತು ತಡೆಯುತ್ತದೆ. ಆಂಫೆಟಮಿನ್ ಬಳಗದವು ಅಷ್ಟಕ್ಕೇ ನಿಲ್ಲದೆ ಡೋಪಮಿನ್, ನಾರ್‌ಅಡ್ರಿನಲಿನ್‌ಗಳನ್ನು ಬಲವಂತವಾಗಿ ಹೊರಹಾಕಿಸುತ್ತವೆ. ಹೃದಯಕ್ಕೂ ಮನಸ್ಸಿಗೂ ಅಪಾಯ ಬರುವುದು ಅಲ್ಲಿಯೇ. ಆದರೆ ಎರಡೂ ನಿದ್ದೆಯ ಸಾಲವನ್ನು ತೀರಿಸುವುದಿಲ್ಲ, ಮುಂದೂಡುತ್ತವೆ ಅಷ್ಟೆ. ಓದಿದ್ದು ನೆನಪಿನಲ್ಲಿ ನೆಲೆಯೂರಲು ನಿದ್ದೆ ಬೇಕೇ ಬೇಕು.

ಏಕಾಗ್ರತೆಯ ತೊಂದರೆಯುಳ್ಳ ಮಗುವಿಗೆ ವೈದ್ಯರು ಪರೀಕ್ಷಿಸಿ ಮೀಥೈಲ್‌ಫೆನಿಡೇಟ್ ಕೊಟ್ಟರೆ ಅದು ಚಿಕಿತ್ಸೆ, ಅದಕ್ಕೆ ನಾಚಬೇಕಾದುದಿಲ್ಲ. ಅದನ್ನೇ ಚೀಟಿಯಿಲ್ಲದೆ ಕೊಂಡರೆ ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾಯಿದೆ ಅಡ್ಡ ಬರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು 2011ರಲ್ಲಿ, ಓದಿನ ಲಾಭಕ್ಕಾಗಿ ಹೀಗೆ ಔಷಧಿ ಬಳಸುವುದನ್ನು ಪರೀಕ್ಷೆಯ ನಕಲಿನ ಸಾಲಿಗೆ ಸೇರಿಸಿತು. ನನಗೆ ಇನ್ನೊಂದು ಮಾತು ಮುಖ್ಯವೆನಿಸುತ್ತದೆ. ತರಗತಿಯಲ್ಲಿ ಹತ್ತು ಮಂದಿ ನುಂಗಿದರೆ ಹನ್ನೊಂದನೆಯವನು ಹಿಂದೆ ಬೀಳುವ ಭಯದಿಂದ ನುಂಗುತ್ತಾನೆ. ಕಚೇರಿ, ಕಾರ್ಖಾನೆಗಳಲ್ಲಿಯೂ ಅಷ್ಟೆ. ಆಗ ಅದು ಯಾರ ಇಚ್ಛೆಯೂ ಆಗಿ ಉಳಿಯುವುದಿಲ್ಲ.

ಇಷ್ಟನ್ನೂ ಮಗನಿಗೆ ಹೇಳಿದೆ. ಎಲ್ಲವನ್ನೂ ಕೇಳಿ ಅವನು, "ಜಪಾನಿನಲ್ಲಿ ಕಾರ್ಖಾನೆಯವರು ಎಚ್ಚರವಿರಿಸಿದರು, ಸರಿ. ನನ್ನನ್ನು ಬೆಳಗಿನ ನಾಲ್ಕಕ್ಕೆ ಎಬ್ಬಿಸುವವರು ಯಾರಪ್ಪಾ?" ಎಂದ. ಗೋಡೆಯ ಮೇಲಿನ ವೇಳಾಪಟ್ಟಿ ನನ್ನ ಕೈಬರಹದ್ದೇ ಆಗಿತ್ತು. ಊರು ಬಿಟ್ಟು ಬಂದ ನಮ್ಮಂಥವರಿಗೆ ಮಕ್ಕಳ ಅಂಕಪಟ್ಟಿಯೇ ಆಸ್ತಿ. ಆ ಆತುರದಲ್ಲಿ ನಾನು ಅವನಿಗೆ ಐದೇ ಗಂಟೆಯ ನಿದ್ದೆ ಬರೆದಿದ್ದೆ. ಮರುದಿನ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದೆವು. ಈ ಸಲ ಅವನು ಹೇಳಿದ, ನಾನು ಬರೆದೆ.