ಮರ್ಜಿ ಮತ್ತು ಬಹುಮತ

1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು ವಜಾ ಮಾಡಿ ಕರ್ನಾಟಕವನ್ನು ರಾಷ್ಟ್ರಪತಿ ಆಡಳಿತಕ್ಕೆ ಒಳಪಡಿಸಲಾಯಿತು. ಆಗ ನಾನಿನ್ನೂ ಎಳೆಯ ಅಧ್ಯಾಪಕ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ರೇಡಿಯೋದಲ್ಲಿ ಆ ವಾರ್ತೆ ಕೇಳಿದ ನೆನಪು. ನಾನು ಆ ಪಕ್ಷದವನಲ್ಲ. ಯಾವ ಪಕ್ಷದವನೂ ಅಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಸರ್ಕಾರವೊಂದಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದನ್ನು ಎಣಿಸತಕ್ಕವರು ಯಾರು? ಎಣಿಸತಕ್ಕ ಸ್ಥಳ ಯಾವುದು?

ನಮ್ಮ ಸಂವಿಧಾನವು ರಾಜ್ಯದ ಕಾರ್ಯಾಂಗದ ಅಧಿಕಾರವನ್ನು 154ನೆಯ ಅನುಚ್ಛೇದದಲ್ಲಿ ರಾಜ್ಯಪಾಲರಿಗೆ ವಹಿಸುತ್ತದೆ. 163ನೆಯದರಲ್ಲಿ, ಅವರಿಗೆ ನೆರವು ಮತ್ತು ಸಲಹೆ ನೀಡಲು ಮಂತ್ರಿಮಂಡಲವೊಂದು ಇರತಕ್ಕದ್ದೆನ್ನುತ್ತದೆ. 164ನೆಯದರಲ್ಲಿ ಎರಡು ಮಾತುಗಳು ಜೊತೆಯಾಗಿ ನಿಂತಿವೆ. ಮಂತ್ರಿಗಳು ರಾಜ್ಯಪಾಲರ ಇಷ್ಟವಿರುವವರೆಗೆ ಅಧಿಕಾರದಲ್ಲಿರುತ್ತಾರೆಂಬುದು ಮೊದಲನೆಯದು. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆಂಬುದು ಎರಡನೆಯದು. ಈ ‘ಇಷ್ಟ’ವನ್ನೇ ನಮ್ಮ ಹಿರಿಯರು ಮರ್ಜಿ ಎನ್ನುತ್ತಿದ್ದರು. ಅರಸರ ಕಾಲದ ಶಬ್ದ ಪ್ರಜೆಗಳ ಕಾಲಕ್ಕೂ ಉಳಿದುಬಂದಿದೆ. ಮೊದಲ ಮಾತನ್ನು ಎರಡನೆಯದರ ಬೆಳಕಿನಲ್ಲಿ ಓದದಿದ್ದರೆ ಅನರ್ಥ ತಪ್ಪಿದ್ದಲ್ಲ.

ಅಂದು ಆದದ್ದೂ ಅದೇ. ಆಡಳಿತಪಕ್ಷದಿಂದ ಹೊರಬಂದ ಶಾಸಕರೊಬ್ಬರು, ಬೆಂಬಲ ಹಿಂತೆಗೆದುಕೊಂಡಿರುವುದಾಗಿ ಹೇಳುವ 19 ಮಂದಿಯ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಅವರಲ್ಲಿ ಏಳು ಮಂದಿ ಬಳಿಕ, ತಮ್ಮ ಸಹಿಯನ್ನು ತಪ್ಪು ತಿಳುವಳಿಕೆ ನೀಡಿ ಪಡೆಯಲಾಗಿದೆಯೆಂದು ಬರೆದುಕೊಟ್ಟರು. ಏಪ್ರಿಲ್ 27ಕ್ಕೆ ಕರೆಯಲಾಗಿದ್ದ ಅಧಿವೇಶನವನ್ನು ಇನ್ನೂ ಮುಂಚೆಯೇ ಸೇರಿಸಿ ಬಹುಮತ ಸಾಬೀತು ಮಾಡಲು ತಾವು ಸಿದ್ಧರೆಂದು ಬೊಮ್ಮಾಯಿಯವರು ಕೇಳಿಕೊಂಡರು. ಅದು ನಡೆಯಲಿಲ್ಲ. ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು, ವಿಧಾನಸಭೆ ವಿಸರ್ಜನೆಯಾಯಿತು.

356ನೆಯ ಅನುಚ್ಛೇದದಂಥ ಉಪಬಂಧಗಳು ಎಂದೂ ಬಳಕೆಗೆ ಬಾರದಿರಲೆಂದು ಡಾ. ಅಂಬೇಡ್ಕರರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಹಾರೈಸಿದ್ದರು. ಆ ಹಾರೈಕೆ ಫಲಿಸಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ.

ಬೊಮ್ಮಾಯಿಯವರ ಅರ್ಜಿಯನ್ನು ರಾಜ್ಯದ ಹೈಕೋರ್ಟು ವಜಾ ಮಾಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಏರಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಂದಾಜಿನಲ್ಲಲ್ಲ. ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಾಲಯದ ವಿಮರ್ಶೆಗೆ ಒಳಪಟ್ಟದ್ದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದ ಘೋಷಣೆ ಅಸಾಂವಿಧಾನಿಕವೆಂದು ಸಾರಲಾಯಿತು. ಅದೇ ತೀರ್ಪು ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳಲ್ಲಿ ಆಗಿದ್ದ ವಜಾಗಳನ್ನು ಎತ್ತಿಹಿಡಿಯಿತೆಂಬುದನ್ನೂ ಮರೆಯಬಾರದು. ಅದು ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ಅದಕ್ಕೊಂದು ಎಲ್ಲೆಯನ್ನು ಗೊತ್ತುಮಾಡಿತು.

ಈ ಎಲ್ಲೆಯ ಬೆಲೆ ನಮಗೆ ತಿಳಿದದ್ದು 2018ರ ಮೇ ತಿಂಗಳಲ್ಲಿ. ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವನ್ನು ಸುಪ್ರೀಂ ಕೋರ್ಟು ಮೊಟಕುಗೊಳಿಸಿ, 19ರಂದೇ ಸದನ ಸೇರಬೇಕೆಂದು ಆಜ್ಞಾಪಿಸಿತು. ಬಿ. ಎಸ್. ಯಡಿಯೂರಪ್ಪನವರು ಮತಕ್ಕೆ ಮೊದಲೇ ರಾಜೀನಾಮೆಯಿತ್ತರು. ಪಕ್ಷ ಯಾವುದೇ ಆಗಲಿ, ಎಣಿಕೆಯ ಸ್ಥಳ ಮಾತ್ರ ಬದಲಾಗಲಿಲ್ಲ.

ಬೊಮ್ಮಾಯಿಯವರಿಗೆ ಗೆಲುವು ದೊರೆತಾಗ ಐದು ವರ್ಷಗಳು ಉರುಳುತ್ತ ಬಂದಿದ್ದವು. ನಡುವೆ 1989ರ ಚುನಾವಣೆಯೂ ಮುಗಿದಿತ್ತು. ಅವರು ಬೇಡಿದ ಆ ಅಧಿವೇಶನ ಕೊನೆಗೂ ಸೇರಲಿಲ್ಲ. ಬೇರೆಯವರಿಗೆ ಮಾತ್ರ ಇಂದು ಅದನ್ನು ಅಷ್ಟು ಸುಲಭವಾಗಿ ನಿರಾಕರಿಸಲಾಗದು.