ಕಾಸಿಲ್ಲದ ಅತಿಥಿ, ಕಾಸಿದ್ದ ಅತಿಥಿ

ಗೊತ್ತಿಲ್ಲದ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಬಸ್ಸು ಇಳಿದರೆ ನಮ್ಮ ಹಿರೀಕರು ಕೇಳುತ್ತಿದ್ದುದು ಒಂದೇ ಮಾತು: 'ನಮ್ಮೋರ ಕೇರಿ ಯಾವ ಕಡೆ?' ಲಾಡ್ಜು ಎಲ್ಲಿ, ಛತ್ರ ಎಲ್ಲಿ ಅಂತ ಕೇಳುತ್ತಿರಲಿಲ್ಲ. ಕೇಳಿ ಉಪಯೋಗವೂ ಇರಲಿಲ್ಲ. ಕೇರಿಯ ಮೊದಲ ಮನೆ ಮುಂದೆ ನಿಂತು ಯಾವ ಊರು, ಯಾರ ಪೈಕಿ ಅಂತ ಹೇಳಿದರೆ ಸುತ್ತಿ ಬಳಸಿ ಏನೋ ಒಂದು ನೆಂಟಸ್ತಿಕೆ ಸಿಕ್ಕುತ್ತಿತ್ತು. ನೆಂಟಸ್ತಿಕೆ ಸಿಕ್ಕದಿದ್ದರೂ ಒಂದು ಮುದ್ದೆ, ಒಂದು ಚಾಪೆ ಸಿಕ್ಕುತ್ತಿತ್ತು. ಬೆಳಿಗ್ಗೆ ಎದ್ದು ಹೊರಟವನು ಕಾಸು ಕೊಡಲು ಹೋದರೆ ಮನೆಯವರಿಗೆ ಸಿಟ್ಟು ಬರುತ್ತಿತ್ತು. ಇದಕ್ಕೊಂದು ಸಂಘ ಇರಲಿಲ್ಲ, ಅಧ್ಯಕ್ಷ ಇರಲಿಲ್ಲ, ವಿಳಾಸದ ಪುಸ್ತಕ ಇರಲಿಲ್ಲ. ಹಾಗಾಗಿ ಚರಿತ್ರೆಯೂ ಇಲ್ಲ.

ಚರಿತ್ರೆ ಇರುವ ಕಥೆ ಬೇರೆ ಇದೆ. ಅದು ಶುರುವಾದದ್ದು 1949ರಲ್ಲಿ, ಡೆನ್ಮಾರ್ಕಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದಿದ್ದ ಬಾಬ್ ಲೂಯಿಟ್‌ವೈಲರ್ ಎಂಬ ಅಮೆರಿಕದ ಯುವಕ, ಆಸ್ಕೋವ್ ಎಂಬ ಊರಿನ ಜನಪದ ಪ್ರೌಢಶಾಲೆಯಲ್ಲಿ ಕೆಲವು ಗೆಳೆಯರನ್ನು ಕಟ್ಟಿಕೊಂಡು ಒಂದು ಯೋಚನೆ ಮಾಡಿದ. ಯುದ್ಧಗಳನ್ನು ಸರ್ಕಾರಗಳು ಮಾಡುತ್ತವೆ, ಆದರೆ ಅದಕ್ಕೆ ಬೇಕಾದ ದ್ವೇಷವನ್ನು ಒದಗಿಸುವವರು ಒಬ್ಬರನ್ನೊಬ್ಬರು ಕಾಣದ ಜನ. ಒಂದು ದೇಶದವನು ಇನ್ನೊಂದು ದೇಶದವನ ಅಡಿಗೆಮನೆಯಲ್ಲಿ ಕೂತು ಉಂಡರೆ ಆ ದ್ವೇಷಕ್ಕೆ ಜಾಗ ಕಡಿಮೆಯಾದೀತು. ಇಷ್ಟೇ ಯೋಚನೆ. ಮೊದಲು ತಮ್ಮನ್ನು 'ಶಾಂತಿ ಕಟ್ಟುವವರು' ಅಂತ ಕರೆದುಕೊಂಡರು. 1952ರಲ್ಲಿ 'ಸರ್ವಾಸ್' ಅನ್ನುವ ಹೆಸರು ಬಂತು. ಯಾವ ದೇಶದ ಆಸ್ತಿಯೂ ಅಲ್ಲದ ಎಸ್ಪೆರಾಂಟೋ ಭಾಷೆಯಲ್ಲಿ ಅದಕ್ಕೆ 'ಸೇವೆ ಮಾಡುತ್ತೇವೆ' ಎಂದರ್ಥ.

ಹಳ್ಳಿಯ ಮೇಷ್ಟರುಗಳು ಇದನ್ನು ಓದುತ್ತಿದ್ದರೆ ಆ ಶಾಲೆಯ ವಿಷಯ ಒಂದೆರಡು ಮಾತು ಹೇಳಬೇಕು. ಗ್ರುಂಟ್‌ವಿಗ್ ಎಂಬ ಪಾದ್ರಿಯ ವಿಚಾರದಿಂದ ಹುಟ್ಟಿದ ಶಾಲೆಗಳಿವು. ಮೊದಲನೆಯದು 1844ರಲ್ಲಿ ರೋಡಿಂಗ್ ಎಂಬಲ್ಲಿ ಶುರುವಾಯಿತು. 1864ರ ಯುದ್ಧದಲ್ಲಿ ಆ ಸೀಮೆ ಪ್ರಷ್ಯಾದ ಪಾಲಾದ ಮೇಲೆ 1865ರಲ್ಲಿ ಗಡಿಯ ಈಚೆಗೆ ಆಸ್ಕೋವ್‌ಗೆ ಬಂತು. ರೈತರ ಮಕ್ಕಳಿಗಾಗಿ ಕಟ್ಟಿದ ಶಾಲೆ. ಪರೀಕ್ಷೆ ಇಲ್ಲ, ರ‍್ಯಾಂಕು ಇಲ್ಲ. ಮೇಷ್ಟರು, ಮಕ್ಕಳು ಒಂದೇ ಸೂರಿನಡಿ ಇದ್ದು ಒಟ್ಟಿಗೆ ಉಂಡು ಮಾತಾಡಿ ಕಲಿಯಬೇಕು. ಒಟ್ಟಿಗೆ ಉಣ್ಣುವುದೂ ಪಾಠವೇ ಅಂತ ಒಪ್ಪಿಕೊಂಡ ಶಾಲೆಯಲ್ಲಿ ಸರ್ವಾಸ್ ಹುಟ್ಟಿದ್ದು ಆಶ್ಚರ್ಯವಲ್ಲ. ನಮ್ಮಲ್ಲಿ ಮಧ್ಯಾಹ್ನದ ಊಟದ ಪಂಕ್ತಿಯನ್ನೇ ಒಡೆದು ಎರಡು ಮಾಡಿದ ಶಾಲೆಗಳಿವೆ, ಅವುಗಳ ಹೊಟ್ಟೆಯಲ್ಲಿ ಏನು ಹುಟ್ಟೀತು?

ಸರ್ವಾಸ್‌ನ ಕಟ್ಟುಪಾಡು ಸರಳ. ಪ್ರವಾಸಿಯನ್ನು ಮೊದಲು ಅವನ ಊರಿನ ಕಡೆಯ ಒಬ್ಬ ಸದಸ್ಯ ಕೂರಿಸಿಕೊಂಡು ಮಾತಾಡಿಸುತ್ತಾನೆ. ಯಾಕೆ ಹೊರಟಿದ್ದೀಯ, ಬಿಟ್ಟಿ ಹಾಸಿಗೆಗಾಗಿಯೋ ಜನರಿಗಾಗಿಯೋ ಅಂತ ವಿಚಾರಿಸುತ್ತಾನೆ. ಒಪ್ಪಿಗೆಯಾದರೆ ಒಂದು ಪರಿಚಯದ ಪತ್ರ, ಜೊತೆಗೆ ಮನೆಗಳ ಪಟ್ಟಿ. ಆಮೇಲೆ ಆ ಪಟ್ಟಿಯ ಮನೆಗೆ ಬರೆದು ಕೇಳಬೇಕು. ಅವರು ಬಾ ಎಂದರೆ ಎರಡು ರಾತ್ರಿ ಇರಬಹುದು. ಕಾಸು ಕೊಡಕೂಡದು, ಕೇಳಕೂಡದು. ಮನೆಯವರು ಉಣ್ಣುವುದನ್ನೇ ಉಣ್ಣಬೇಕು, ಪಾತ್ರೆ ತೊಳೆಯುವುದಿದ್ದರೆ ಕೈ ಹಾಕಬೇಕು, ರಾತ್ರಿ ಕೂತು ಮಾತಾಡಬೇಕು. ಮಲಗಿಸಲು ಜಾಗವಿಲ್ಲದವರು 'ಹಗಲು ಆತಿಥೇಯ'ರಾಗಿ ಹೆಸರು ಬರೆಸಬಹುದು; ಊರು ತೋರಿಸಿ, ಮಾತಾಡಿ, ಕಳಿಸಿದರೆ ಸಾಕು. 1973ರಿಂದ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಇದಕ್ಕೆ ಸಲಹೆಗಾರ ಸಂಸ್ಥೆಯ ಸ್ಥಾನ ಇದೆ. ಭಾರತದಲ್ಲೂ ಸರ್ವಾಸ್ ಮನೆಗಳಿವೆ.

ಇದನ್ನು ನಾನು ಲೇವಡಿ ಮಾಡಲು ಬರೆಯುತ್ತಿಲ್ಲ. ದುಡ್ಡಿನ ಮಾತೇ ಇಲ್ಲದೆ, ರಕ್ತಸಂಬಂಧವೂ ಇಲ್ಲದೆ, ಹೊರಗಿನವನಿಗೆ ಒಳಮನೆ ಬಿಟ್ಟುಕೊಡುವುದು ಸಣ್ಣ ಸಂಗತಿಯಲ್ಲ. ಅದರಲ್ಲೂ ಎಷ್ಟೋ ಊರು ಇನ್ನೂ ಬೂದಿಯಾಗಿದ್ದ 1949ರ ಯುರೋಪಿನಲ್ಲಿ.

ಇದಕ್ಕೆ ಹೊಂದುವ ಇನ್ನೊಂದು ಕಥೆಗೆ ಬೆಂಗಳೂರಿನ ನಂಟಿದೆ. ಅಣುಬಾಂಬಿನ ವಿರುದ್ಧ ಚಳವಳಿ ಮಾಡಿ ಬರ್ಟ್ರಂಡ್ ರಸೆಲ್ 1961ರಲ್ಲಿ ತನ್ನ 89ನೇ ವಯಸ್ಸಿನಲ್ಲಿ ಜೈಲಿಗೆ ಹೋದ ಸುದ್ದಿಯನ್ನು ಸತೀಶ್ ಕುಮಾರ್, ಇ. ಪಿ. ಮೆನನ್ ಎಂಬ ಇಬ್ಬರು ತರುಣರು ಬೆಂಗಳೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಓದಿದರು. ಆ ಮುದುಕನೇ ಜೈಲಿಗೆ ಹೋಗಿರುವಾಗ ನಾವೇನು ಕಾಫಿ ಕುಡಿಯುತ್ತ ಕೂತಿದ್ದೀವಿ ಅನ್ನಿಸಿತು. ಅಣುಬಾಂಬು ಇದ್ದ ನಾಲ್ಕು ದೇಶಗಳ ರಾಜಧಾನಿಗಳಿಗೆ ನಡೆದು ಹೋಗುವುದು ಅಂತ ತೀರ್ಮಾನಿಸಿ ವಿನೋಬಾ ಹತ್ತಿರ ಹೋದಾಗ ಅವರು ಕೊಟ್ಟ ಸಲಹೆ ವಿಚಿತ್ರವಾಗಿತ್ತು. ಜೇಬಿನಲ್ಲಿ ಒಂದು ಕಾಸೂ ಇಟ್ಟುಕೊಳ್ಳಬೇಡಿ ಅಂದರು. ಕಾಸಿದ್ದರೆ ಹೋಟೆಲಿಗೆ ಹೋಗುತ್ತೀರಿ, ಕಾಸಿಲ್ಲದಿದ್ದರೆ ಯಾರದಾದರೂ ಮನೆ ಬಾಗಿಲು ತಟ್ಟಲೇಬೇಕಾಗುತ್ತೆ, ಆಗ ಮಾತು ಶುರುವಾಗುತ್ತೆ. ಇದು ಆ ಸಲಹೆಯ ತಿರುಳು.

1962ರ ಜೂನ್ 1ರಂದು ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟರು. ಪಾಕಿಸ್ತಾನ, ಆಫ್ಘಾನಿಸ್ತಾನ, ಇರಾನ್ ದಾಟಿ ಸೋವಿಯತ್ ದೇಶಕ್ಕೆ ಹೋದರು. ಅಲ್ಲಿನ ಒಂದು ಚಹಾ ಕಾರ್ಖಾನೆಯ ಹೆಣ್ಣುಮಕ್ಕಳು ಇವರಿಗೆ ನಾಲ್ಕು ಚಹಾ ಪೊಟ್ಟಣ ಕೊಟ್ಟು, ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ದೊರೆಗಳಿಗೆ ಒಂದೊಂದು ತಲುಪಿಸಿ, ಬಾಂಬಿನ ಗುಂಡಿ ಒತ್ತುವ ಮನಸ್ಸಾದಾಗ ಮೊದಲು ಒಂದು ಲೋಟ ಚಹಾ ಕುಡಿಯಲು ಹೇಳಿ ಅಂದರಂತೆ. ಸಮುದ್ರ ಬಂದ ಕಡೆ ಬೇರೆಯವರು ಹಡಗು ಹತ್ತಿಸಿದರು. ಸುಮಾರು ಎಂಟು ಸಾವಿರ ಮೈಲಿಯ ಆ ಪಯಣ 1964ರ ಜನವರಿಯಲ್ಲಿ ಅಮೆರಿಕದಲ್ಲಿ ಮುಗಿಯಿತು. ಅಷ್ಟು ದೂರವೂ ಕಾಸಿಲ್ಲದವರನ್ನು ಸಾಕಿದವರು ಗುರುತಿಲ್ಲದ ಜನ.

ಈ ಕಥೆ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಇದಕ್ಕೆ 45 ವರ್ಷ ಹಿಂದಿನ ಇನ್ನೊಬ್ಬ ಪ್ರಯಾಣಿಕ. ಅವನ ಜೇಬಿನಲ್ಲಿ ಕಾಸಿತ್ತು.

1917ರಲ್ಲಿ ಅಂಬೇಡ್ಕರ್ ಬರೋಡಕ್ಕೆ ಬಂದಿಳಿದರು. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಲ್ಲಿ ಓದು ಅರ್ಧಕ್ಕೆ ಬಿಟ್ಟು, ಮಹಾರಾಜರು ಕೊಟ್ಟಿದ್ದ ವಿದ್ಯಾರ್ಥಿವೇತನದ ಕರಾರಿನಂತೆ ಸಂಸ್ಥಾನದ ನೌಕರಿಗೆ ಬಂದವರು. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ ಅಂತ ಗೊತ್ತು. ಪಾರ್ಸಿಗಳ ವಸತಿಗೃಹಕ್ಕೆ ಹೋದರು. ಅಲ್ಲಿಯ ಉಸ್ತುವಾರಿಯವನು ಇವರು ಪಾರ್ಸಿ ಅಲ್ಲ ಅಂತ ಕಂಡುಹಿಡಿದರೂ, ಬೇರೆ ಗಿರಾಕಿ ಇಲ್ಲದ್ದರಿಂದ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿಕೊಂಡು ದಿನಕ್ಕೆ ಒಂದೂವರೆ ರೂಪಾಯಿಗೆ ಇರಿಸಿಕೊಂಡ. ಮಹಡಿಯ ಮೇಲೆ ಮುರುಕು ಸಾಮಾನು ತುಂಬಿದ ಕತ್ತಲೆ ಹಜಾರ, ಬಾವಲಿಗಳು, ಮಾತಿಗೆ ಒಬ್ಬರಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಸುಮಾರು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು ಅಂತ ಹೇಳಿಹೋದರು.

ಅಂಬೇಡ್ಕರ್ ಇಬ್ಬರು ಗೆಳೆಯರನ್ನು ಕೇಳಿದರು. ಒಬ್ಬ ಹಿಂದೂ. ನೀನು ಬಂದರೆ ಮನೆ ಆಳುಗಳೆಲ್ಲ ಬಿಟ್ಟು ಹೋಗುತ್ತಾರೆ ಅಂದ. ಇನ್ನೊಬ್ಬ ಕ್ರೈಸ್ತ, ಮತಾಂತರಕ್ಕೆ ಮೊದಲು ಬ್ರಾಹ್ಮಣ. ಹೆಂಡತಿ ಊರಿಂದ ಬರುತ್ತಿದ್ದಾಳೆ, ಅವಳನ್ನು ಕೇಳಬೇಕು ಅಂದ. ದೇವರು ಬದಲಾದರೂ ಅಡಿಗೆಮನೆಯ ಹೊಸ್ತಿಲು ಬದಲಾಗಿರಲಿಲ್ಲ. ಆಗ ಸಂಜೆ ನಾಲ್ಕು ಗಂಟೆ. ಬೊಂಬಾಯಿ ರೈಲು ಇದ್ದುದು ರಾತ್ರಿ ಒಂಬತ್ತಕ್ಕೆ. ಆ ಐದು ಗಂಟೆ ಕಾಮಾಟಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಳೆದರು. ಈಗ ಅಲ್ಲಿನ ಆಲದ ಮರದ ಜಾಗವನ್ನು ಸಂಕಲ್ಪ ಭೂಮಿ ಅನ್ನುತ್ತಾರೆ, ಸೆಪ್ಟೆಂಬರ್ 23ರಂದು ಜನ ಸೇರುತ್ತಾರೆ.

ಕಾಸಿಲ್ಲದ ಇಬ್ಬರಿಗೆ ಎಂಟು ಸಾವಿರ ಮೈಲಿ ಉದ್ದಕ್ಕೂ ಮನೆ ಸಿಕ್ಕಿತು. ಕಾಸಿದ್ದ, ಓದಿದ್ದ, ನೌಕರಿ ಇದ್ದ ಒಬ್ಬನಿಗೆ ತನ್ನದೇ ದೇಶದ ಒಂದು ಪಟ್ಟಣದಲ್ಲಿ ಒಂದು ರಾತ್ರಿಗೆ ಮನೆ ಸಿಕ್ಕಲಿಲ್ಲ. ನಡೆದವರ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ನಾನು ಹೇಳುವುದಿಷ್ಟೆ: ಕಾಸು ಬಿಟ್ಟು ಹೊರಡುವುದಕ್ಕೂ ಒಂದು ಬಂಡವಾಳ ಬೇಕು. ಬಾಗಿಲು ತಟ್ಟಿದರೆ ತೆರೆಯುತ್ತಾರೆ ಅನ್ನುವ ನಂಬಿಕೆಯೇ ಆ ಬಂಡವಾಳ. ಅದು ಎಲ್ಲರ ಜೇಬಿನಲ್ಲೂ ಇರುವುದಿಲ್ಲ.

ಅತಿಥಿಯೇ ದೇವರು ಅನ್ನುವ ಮಾತನ್ನು ಈಗ ಪ್ರವಾಸೋದ್ಯಮದ ಜಾಹೀರಾತಿನವರೂ ಹೇಳುತ್ತಾರೆ. ಯಾರು ಅತಿಥಿ ಅಂತ ಮನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಮೂರನೇ ಅಧ್ಯಾಯ ತೆಗೆದು ನೋಡಿ. ಬ್ರಾಹ್ಮಣನ ಮನೆಗೆ ಬಂದ ಕ್ಷತ್ರಿಯ ಅತಿಥಿಯಲ್ಲ, ವೈಶ್ಯ ಅಲ್ಲ, ಶೂದ್ರ ಅಲ್ಲ. ವೈಶ್ಯ, ಶೂದ್ರರು ಬಂದೇಬಿಟ್ಟರೆ ಕರುಣೆಯಿಂದ ಆಳುಗಳ ಜೊತೆ ಊಟಕ್ಕೆ ಹಾಕಬಹುದು. ಇನ್ನು ಚಂಡಾಲರ ಮಾತು ಬರುವುದು ಹತ್ತನೇ ಅಧ್ಯಾಯದಲ್ಲಿ. ಅವರು ಊರ ಹೊರಗಿರಬೇಕು, ರಾತ್ರಿ ಹೊತ್ತು ಊರು ಪಟ್ಟಣಗಳಲ್ಲಿ ಓಡಾಡಕೂಡದು. ರಾತ್ರಿ ನಡೆಯಲೇಬಾರದವನಿಗೆ ರಾತ್ರಿ ತಂಗುವ ಹಕ್ಕು ಎಲ್ಲಿಂದ ಬಂದೀತು?

ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. 399ರಲ್ಲಿ ಚೀನಾದಿಂದ ಹೊರಟು ಇಲ್ಲಿಗೆ ಬಂದ ಫಾಹಿಯಾನ್ ಮಧ್ಯದೇಶದ ಬಗ್ಗೆ ಬರೆಯುತ್ತ ಎರಡು ಸಂಗತಿ ಹೇಳುತ್ತಾನೆ. ವಿಹಾರಗಳಲ್ಲಿ ಹೊರಗಿನಿಂದ ಬಂದ ಭಿಕ್ಷುವನ್ನು ಎದುರುಗೊಂಡು, ಅವನ ಬಟ್ಟೆ, ಭಿಕ್ಷಾಪಾತ್ರೆ ತಾವು ಹೊತ್ತು, ಕಾಲಿಗೆ ನೀರು, ಎಣ್ಣೆ ಕೊಟ್ಟು, ಆಮೇಲೆ ಹಾಸಿಗೆ ತೋರಿಸುತ್ತಾರೆ. ಅದೇ ನಾಡಿನಲ್ಲಿ ಚಂಡಾಲರು ಬೇರೆ ಇರುತ್ತಾರೆ. ಪೇಟೆಗೆ ಬರುವಾಗ ಜನ ದೂರ ಸರಿಯಲಿ ಅಂತ ಮರದ ತುಂಡು ಬಡಿದು ಸದ್ದು ಮಾಡುತ್ತ ಬರಬೇಕು. ಎರಡನ್ನೂ ಆ ಪರದೇಶಿ ಹತ್ತಿರ ಹತ್ತಿರದಲ್ಲೇ ಬರೆದಿಟ್ಟ. ನಮ್ಮ ಚರಿತ್ರೆಕಾರರು ಮೊದಲನೆಯದಕ್ಕೆ ಸುವರ್ಣಯುಗ ಅಂತ ಹೆಸರಿಟ್ಟರು.

ಕಾನೂನು ಬಂತು, ನಿಜ. 1923ರ ಆಗಸ್ಟಿನಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆ ತಂದ ನಿರ್ಣಯ, ಸಾರ್ವಜನಿಕ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂದಿತು. ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲು ತೆರೆಯಿತು, 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಲ್ಲಿ ಧರ್ಮಶಾಲೆ, ಸರಾಯಿ, ಮುಸಾಫರಖಾನೆ ಅಂತ ಹೆಸರು ಹಿಡಿದೇ ಬರೆದರು. ಆದರೆ ಈ ಕಾನೂನೆಲ್ಲ ನಿಲ್ಲುವುದು ಮನೆಯ ಹೊಸ್ತಿಲಿನಲ್ಲಿ. ದುಡ್ಡಿಗೆ ಕೊಡುವ ಕೋಣೆಯನ್ನು ಜಾತಿ ಕೇಳಿ ನಿರಾಕರಿಸಿದರೆ ದೂರು ಕೊಡಬಹುದು. ಪ್ರೀತಿಗೆ ಕೊಡುವ ಚಾಪೆಯನ್ನು ನಿರಾಕರಿಸಿದರೆ ಯಾವ ಠಾಣೆಗೆ ಹೋಗುವುದು?

ಹೊರಗಿಟ್ಟವರು ತಮ್ಮದೇ ಪಟ್ಟಿ ಮಾಡಿಕೊಂಡ ಉದಾಹರಣೆ ಅಮೆರಿಕದಲ್ಲಿದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಕಪ್ಪು ಜನಾಂಗದ ಪೋಸ್ಟ್‌ಮ್ಯಾನ್ 1936ರಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಬಿಳಿಯರ ಹೋಟೆಲು ಸೇರಿಸದ ನಾಡಿನಲ್ಲಿ ಕಪ್ಪು ಪ್ರಯಾಣಿಕ ಎಲ್ಲಿ ಉಣ್ಣಬಹುದು, ಎಲ್ಲಿ ಪೆಟ್ರೋಲು ಹಾಕಿಸಬಹುದು, ಯಾವ ಊರಲ್ಲಿ ಯಾವ ಕಪ್ಪು ಕುಟುಂಬ ತನ್ನ ಮನೆಯ ಕೋಣೆ ಕೊಡುತ್ತೆ, ಇದೆಲ್ಲ ಅದರಲ್ಲಿತ್ತು. ಈ ಮನೆಗಳು ಬಾಡಿಗೆ ತೆಗೆದುಕೊಳ್ಳುತ್ತಿದ್ದವು, ಆದ್ದರಿಂದ ಸರ್ವಾಸ್ ಸಾಲಿಗೆ ಸೇರುವುದಿಲ್ಲ. ಆದರೂ ನಮ್ಮ ಕೇರಿಯ ರೀತಿಗೆ ಹತ್ತಿರದ ಬಂಧು ಅಂದರೆ ಇದೇ. ಬಣ್ಣ ನೋಡಿ ಹೋಟೆಲಿನಿಂದ ಹೊರಗಟ್ಟುವುದನ್ನು ನಿಷೇಧಿಸುವ ಕಾನೂನು 1964ರಲ್ಲಿ ಬಂದ ಮೇಲೆ ಪುಸ್ತಿಕೆಯ ಕೆಲಸ ಮುಗಿಯುತ್ತ ಬಂತು. ಅದರ ಕೊನೆಯ ಆವೃತ್ತಿ 1966-67ರದು.

ಇನ್ನು ಬಂಡವಾಳದ ಕೈ. 2004ರಲ್ಲಿ ಕೌಚ್‌ಸರ್ಫಿಂಗ್ ಎಂಬ ಅಂತರ್ಜಾಲದ ಏರ್ಪಾಟು ಶುರುವಾಯಿತು. ಪುಕ್ಕಟೆ ತಂಗು, ಪುಕ್ಕಟೆ ತಂಗಿಸು. ನೂರಾರು ಸ್ವಯಂಸೇವಕರು ಸಂಬಳವಿಲ್ಲದೆ ದುಡಿದು ಕಟ್ಟಿದರು, ಲಕ್ಷಾಂತರ ಜನ ತಮ್ಮ ಮನೆ ಬಿಟ್ಟುಕೊಟ್ಟರು. 2011ರಲ್ಲಿ ಅದು ಲಾಭಕ್ಕಾಗಿ ನಡೆಯುವ ಕಂಪನಿಯಾಯಿತು. 2020ರ ಮೇ ತಿಂಗಳಲ್ಲಿ, ಕೊರೋನಾದಿಂದ ಜಗತ್ತಿನಲ್ಲಿ ಯಾರೂ ಪ್ರಯಾಣ ಮಾಡದಿದ್ದಾಗ, ಸದಸ್ಯರಿಗೆ ಚಂದಾ ಹಾಕಿ ಬಾಗಿಲಿಗೆ ಬೀಗ ಜಡಿಯಿತು. ತಮ್ಮದೇ ಮನೆಯ ಚಾಪೆಯನ್ನು ಪರರಿಗೆ ಹಾಸಲು ಕಂಪನಿಗೆ ಕಾಸು ಕೊಡುವ ಪರಿಸ್ಥಿತಿ.

ಸರ್ವಾಸ್ ಇವತ್ತಿಗೂ ಕಂಪನಿಯಾಗಿಲ್ಲ. ಅದರ ಪತ್ರದಲ್ಲಿ ಜಾತಿಗೆ ಜಾಗವಿಲ್ಲ, ಯಾರ ಪೈಕಿ ಅನ್ನುವ ಪ್ರಶ್ನೆಯೂ ಇಲ್ಲ. ಕೇರಿಯ ನಮ್ಮ ರೀತಿಗಿಂತ ಅದು ಒಂದು ಹೆಜ್ಜೆ ಮುಂದೆ ಅಂತಲೇ ನನ್ನ ಅಭಿಪ್ರಾಯ. ಯಾಕಂದ್ರೆ ನಾವೂ 'ನಮ್ಮೋರು' ಅಂತಲೇ ಬಾಗಿಲು ತೆಗೆದದ್ದು. ಹೊಲೇರ ಕೇರಿಗೆ ಬಂದ ಮಾದಿಗರವನಿಗೆ ಅಷ್ಟೇ ಸಲೀಸಾಗಿ ಚಾಪೆ ಸಿಕ್ಕಿತೆ ಅಂತ ನಮ್ಮನ್ನು ನಾವೂ ಕೇಳಿಕೊಳ್ಳಬೇಕು.

ಮನೆಯವರು ಬಾಗಿಲು ತೆಗೆದರೂ ಒಳಗೆ ಬಾರದ ಅತಿಥಿಗಳೂ ಇದ್ದಾರೆ. ನಾನು ಕಾಲೇಜಿನಲ್ಲಿದ್ದಾಗ ನಮ್ಮೂರಲ್ಲಿ ಒಂದು ಅಧ್ಯಯನ ಶಿಬಿರ ನಡೆಯಿತು. ಪೇಟೆಯಿಂದ ಬಂದ ಮೇಷ್ಟರೊಬ್ಬರು ಜಾತಿವಿನಾಶದ ಬಗ್ಗೆ ಎರಡು ಗಂಟೆ ಚೆನ್ನಾಗಿಯೇ ಮಾತಾಡಿದರು. ರಾತ್ರಿಗೆ ಕೊನೆ ಬಸ್ಸು ತಪ್ಪಿತು. ನಮ್ಮ ಮನೆಯಲ್ಲೇ ಉಳಿಯುವುದು ಅಂತಾಯಿತು. ಅವ್ವ ಪಕ್ಕದ ಮನೆಯಿಂದ ಅಕ್ಕಿ ತಂದು ಅನ್ನ ಮಾಡಿದಳು. ಅಪ್ಪ ಜಗಲಿ ಗುಡಿಸಿ ಹೊಸ ಚಾಪೆ ಹಾಸಿದ. 'ಬನ್ನಿ ಸ್ವಾಮಿ, ಕೈ ತೊಳಕೊಳ್ಳಿ' ಅಂದ. ಮೇಷ್ಟರು ಗಡಿಯಾರ ನೋಡಿಕೊಂಡು, 'ಇವತ್ತು ನನಗೆ ಒಪ್ಪತ್ತು, ರಾತ್ರಿ ಏನೂ ತಗೊಳ್ಳಲ್ಲ' ಅಂದರು. ಅನ್ನ ಬೇಡವಾದರೆ ನೀರಾದರೂ ಕುಡೀರಿ ಅಂದ ಅಪ್ಪ. ಅದಕ್ಕೂ ಬೇಡ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಸೆಕೆ ಜಾಸ್ತಿ, ಬಸ್‌ಸ್ಟ್ಯಾಂಡಿನ ಕಡೆ ಗಾಳಿ ಬರುತ್ತೆ ಅಂತ ಎದ್ದು ಹೋದರು. ರಾತ್ರಿಯೆಲ್ಲ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಿದ್ದರು ಅಂತ ಬೆಳಿಗ್ಗೆ ಹಾಲಿನವನು ಹೇಳಿದ. ಅಪ್ಪ ಆ ಚಾಪೆಯನ್ನು ಬೆಳಗಿನವರೆಗೂ ಸುತ್ತಿಡಲಿಲ್ಲ.